ಹಿಂಜು ಅಂಟಿಸಿದರೆ ನಿಲ್ಲಲ್ಲ ಅಂದವರಿಗೆ: ನನ್ನ ಅನುಭವ

ಲ್ಯಾಪ್‌ಟಾಪ್ ಹಿಂಜು, ಅಂದರೆ ಮುಚ್ಚಳ ತೆಗೆದು ಮುಚ್ಚುವ ಕೀಲು, ಕಿತ್ತುಬಂದರೆ ತುಮಕೂರಿನಲ್ಲಿ ನಾನು ಹೋದ ಅಂಗಡಿಗಳಲ್ಲೆಲ್ಲ ಒಂದೇ ಮಾತು: "ಬಾಡಿ ಚೇಂಜ್ ಮಾಡ್ಬೇಕು ಸಾರ್, ಅಂಟಿಸಿದ್ರೆ ನಿಲ್ಲಲ್ಲ." ನಾನು ಅಂಟಿಸಿದ್ದು ನಿಂತು ಈಗ ವರ್ಷದ ಮೇಲಾಯಿತು. ಕಪಾಟಿನಲ್ಲಿ ಇಟ್ಟ ಮಾಲಲ್ಲ ಅದು. ದಿನಕ್ಕೆ ಎಂಟು ಹತ್ತು ಸಲ ತೆಗೆದು ಮುಚ್ಚುತ್ತೇನೆ. ಬೆಳಗ್ಗೆ ಬೆಂಗಳೂರು ರೈಲಿನ ನೂಕಾಟದಲ್ಲಿ ಒಂದು ಸಲ ನಜ್ಜಾಗುತ್ತೆ, ಸಂಜೆ ವಾಪಸ್ ಬರುವಾಗ ಇನ್ನೊಂದು ಸಲ. ಆದರೂ ಅಲ್ಲಾಡಿಲ್ಲ. ಈಗಲಾದರೂ ಬರೆಯಬಹುದು ಅಂತ ಧೈರ್ಯ ಬಂತು.

ಲ್ಯಾಪ್‌ಟಾಪ್ ಬಿಚ್ಚುವಾಗ ಮೊದಲು ಬ್ಯಾಟರಿ ಕನೆಕ್ಟರ್ ಕೀಳಬೇಕು, ಸ್ಕ್ರೂಗಳನ್ನು ಜಾಗಕ್ಕೆ ತಕ್ಕ ಹಾಗೆ ಡಬಲ್ ಟೇಪಿಗೆ ಅಂಟಿಸಿಟ್ಟುಕೊಳ್ಳಬೇಕು, ರಬ್ಬರ್ ಪಾದದ ಕೆಳಗೂ ಎರಡು ಸ್ಕ್ರೂ ಅಡಗಿರುತ್ತೆ ಅನ್ನೋದೆಲ್ಲ ನಿಮಗೆ ಗೊತ್ತಿರುತ್ತೆ. ಅದನ್ನು ಇಲ್ಲಿ ಹೇಳಲ್ಲ.

ನನ್ನದು 15.6 ಇಂಚಿನ ಪ್ಲಾಸ್ಟಿಕ್ ಬಾಡಿ. ಯಾವ ಕಂಪನಿ ಅಂತ ಕೇಳಬೇಡಿ, ಆ ರೇಟಿಗೆ ಸಿಗುವ ಎಲ್ಲದರ ಹಣೆಬರಹವೂ ಹೆಚ್ಚುಕಮ್ಮಿ ಅದೇ. ತಗೊಂಡಾಗ ನಲವತ್ತು ಸಾವಿರದ ಆಸುಪಾಸು. ವಾರಂಟಿ ಮುಗಿದ ಕೆಲವೇ ತಿಂಗಳಿಗೆ ಬಲಗಡೆ ಹಿಂಜು ಕಟಕ್ ಅಂತು, ಮುಚ್ಚಳದ ಮೂಲೆ ಬಾಯಿ ಬಿಟ್ಟಿತು. ಎಂ.ಜಿ. ರಸ್ತೆಯ ಒಂದು ಅಂಗಡಿಯಲ್ಲಿ ಆರೂವರೆ ಸಾವಿರ ಕೇಳಿದರು. ಇನ್ನೊಂದು ಕಡೆ ಹಳೇ ಬಾಡಿ ಹಾಕಿಕೊಡಲು ಐದು ಸಾವಿರದ ಚಿಲ್ಲರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬರೀ ಬಾಡಿಗೆ ಎರಡೂವರೆ ಮೂರು ಸಾವಿರ, ಫಿಟಿಂಗ್ ನಮ್ಮದೇ, ಗ್ಯಾರಂಟಿ ಅಂತ ಬಾಯಿ ಬಿಡಬಾರದು. ಹೊಸ ಬಾಡಿ ಹಾಕಿಸಿದರೂ ಒಳಗೆ ಅದೇ ಪ್ಲಾಸ್ಟಿಕ್ಕು, ಅದೇ ಹಿಂಜು ತಾನೇ? ಎರಡು ವರ್ಷಕ್ಕೆ ಮತ್ತೆ ಕಟಕ್. ದುಡ್ಡು ದಂಡ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ: ಸೂಪರ್ ಗ್ಲೂ. ಬಾಡಿಯೊಳಗಿನ ಪ್ಲಾಸ್ಟಿಕ್ ಕಂಬದಿಂದ ಕಿತ್ತುಬಂದ ಹಿತ್ತಾಳೆ ಇನ್‌ಸರ್ಟ್‌ಗಳನ್ನು (ಹಿಂಜಿನ ಸ್ಕ್ರೂ ಕೂರುವ ಸಣ್ಣ ಬಳೆಗಳು) ಅದೇ ಗುಂಡಿಯಲ್ಲಿ ಕೂರಿಸಿ ಎರಡು ಹನಿ ಬಿಟ್ಟೆ. ವಾರ ಬಾಳಲಿಲ್ಲ. ಆ ಗ್ಲೂ ಗಟ್ಟಿಯೇನೋ ಹೌದು, ಆದರೆ ಬಾಗೋದಿಲ್ಲ. ನೇರ ಎಳೆತ ತಡೆಯುತ್ತೆ, ಒಂದು ಅಂಚಿನಿಂದ ಮೀಟಿ ಎಬ್ಬಿಸಿದರೆ ಬಿಟ್ಟುಬಿಡುತ್ತೆ. ಹಿಂಜು ಮಾಡುವುದು ಪ್ರತಿ ಸಲವೂ ಮೀಟುವ ಕೆಲಸವೇ. ಮೇಲಾಗಿ ಅದರ ಆವಿ ತಾಗಿ ಸುತ್ತಲಿನ ಕಪ್ಪು ಪ್ಲಾಸ್ಟಿಕ್ಕೆಲ್ಲ ವಿಭೂತಿ ಬಳಿದ ಹಾಗೆ ಬೆಳ್ಳಗಾಯಿತು.

ಆಮೇಲೆ ಅಡುಗೆ ಸೋಡಾ ಪ್ರಯೋಗ. ಸೋಡಾ ಉದುರಿಸಿ ಮೇಲೆ ಗ್ಲೂ ಬಿಟ್ಟರೆ ಕ್ಷಣದಲ್ಲಿ ಗಟ್ಟಿಯಾಗುತ್ತೆ, ಹೊಗೆ ಏಳುತ್ತೆ, ಬೆರಳು ಚುರ್ ಅನ್ನುತ್ತೆ. ನೋಡೋಕೆ ಬಲು ಜೋರು. ಒಂದೂವರೆ ತಿಂಗಳು ಬಂತು. ಬಿಟ್ಟಾಗ ಮಾತ್ರ ಇಡೀ ಗಟ್ಟಿ ಎದ್ದುಬಂತು, ಜೊತೆಗೆ ಮೂಲ ಕಂಬದ ಬುಡವನ್ನೂ ಕಿತ್ತುಕೊಂಡು ಬಂತು. ಪೈಪ್ ಸೋರಿದರೆ ಮೆತ್ತುವ ಪುಟ್ಟಿಯನ್ನೂ ಹಾಕಿದೆ. ಅದು ನುಣುಪು ಪ್ಲಾಸ್ಟಿಕ್ಕಿಗೆ ಕಚ್ಚಲೇ ಇಲ್ಲ, ದಪ್ಪಗಾಗಿ ಬೆಜೆಲ್ (ಸ್ಕ್ರೀನ್ ಸುತ್ತಲಿನ ಚೌಕಟ್ಟು) ಕೂರಲೂ ಇಲ್ಲ.

ಅಸಿಟೋನ್ ಕಥೆ ಬೇರೆ. ಎಬಿಎಸ್ ಪ್ಲಾಸ್ಟಿಕ್ ಅಸಿಟೋನ್‌ನಲ್ಲಿ ಕರಗುತ್ತೆ ಅಲ್ವಾ, ಹಳೇ ಕೀಬೋರ್ಡಿನ ಕೀಗಳನ್ನು ಚೂರು ಮಾಡಿ ಗಾಜಿನ ಬಾಟಲಿಯಲ್ಲಿ ನೆನೆಹಾಕಿದೆ. ಮಾರನೇ ದಿನ ಗಂಜಿಯಂಥ ಕಪ್ಪು ಮಸಿ ಸಿಕ್ಕಿತು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕೇ ಬೆಸೆದುಕೊಳ್ಳುತ್ತೆ ಅನ್ನೋ ಲೆಕ್ಕ ಸರಿಯೇ ಇತ್ತು. ಆದರೆ ಅದು ಒಣಗುತ್ತ ಕುಗ್ಗುತ್ತೆ, ಒಳಗೆ ದಿನಗಟ್ಟಲೆ ಮೆತ್ತಗಿರುತ್ತೆ. ಮುಚ್ಚಳದ ತೆಳು ಗೋಡೆ ಅಸಿಟೋನ್ ಹೀರಿ ಹೊರಮೈಯಲ್ಲಿ ಎರಡು ಕುಳಿ ಬಿತ್ತು. ಇವತ್ತಿಗೂ ಕಾಣುತ್ತೆ. ಸಣ್ಣ ಬಿರುಕು, ಮುರಿದ ಕ್ಲಿಪ್ಪಿಗೆ ಈ ಮಸಿ ಒಳ್ಳೆಯದು, ಬಾಟಲಿ ಈಗಲೂ ಇಟ್ಟಿದ್ದೇನೆ. ಹಿಂಜಿಗೆ ಬೇಡ.

ಈ ಅಂಟಿನ ಸರ್ಕಸ್‌ನಲ್ಲಿ ಆರು ತಿಂಗಳ ಹತ್ತಿರ ಹೋಯಿತು. ಕೊನೆಗೆ ಕೆಲಸ ಕೊಟ್ಟಿದ್ದು ಸಣ್ಣ ಸ್ಪ್ಯಾನರು. ಹಿಂಜನ್ನು ಪೂರ್ತಿ ಬಿಚ್ಚಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ್ದೀರಾ? ನನ್ನದು ಎರಡು ಬೆರಳಿಗೆ ಜಗ್ಗಲೇ ಇಲ್ಲ, ಪ್ಲೈಯರ್ ಹಾಕಬೇಕಾಯಿತು. ಶಾಫ್ಟಿನ ತುದಿಯಲ್ಲಿ ಸಾಲಾಗಿ ವಾಷರ್‌ಗಳು, ಅದರ ಮೇಲೊಂದು ನಟ್ಟು. ಫ್ಯಾಕ್ಟರಿಯಲ್ಲೇ ಬಿಗಿ ಜಾಸ್ತಿ. ಅಷ್ಟರಲ್ಲಿ ಗ್ರೀಸು ಒಣಗಿ, ಧೂಳು ಸೇರಿ ಕಪ್ಪು ಮೇಣವಾಗಿತ್ತು. ಅಷ್ಟು ಬಿಗಿಯನ್ನು ಪ್ರತಿ ಸಲ ಎದುರಿಸುವುದು ಮೂರು ಮಿಲಿಮೀಟರ್ ಆಳ ಕೂತ ಮೂರ್ನಾಲ್ಕು ಇನ್‌ಸರ್ಟ್. ಯಾವ ಅಂಟು ತಾನೇ ತಡೆದೀತು? "ನಿಲ್ಲಲ್ಲ" ಅಂತ ಅಂಗಡಿಯವರು ಹೇಳುವುದು ಅವರ ಮಟ್ಟಿಗೆ ನಿಜವೇ. ಬಿಗಿ ಹಿಂಜು ಹಾಗೇ ಬಿಟ್ಟು ಅಂಟಿಸಿದರೆ ನಿಲ್ಲಲ್ಲ.

ವಾಷರ್ ಸಂದಿಗೆ ಐಸೋಪ್ರೊಪೈಲ್ (ಬೇಗ ಆರುವ ಆಲ್ಕೋಹಾಲ್) ಹಾಕಿ ಹಳೇ ಗ್ರೀಸು ತೊಳೆದೆ, ಹೊಸದು ಸಾಸಿವೆ ಕಾಳಿನಷ್ಟು. ನಟ್ಟಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ಕಾಲು ಸುತ್ತು ಸಡಿಲ ಮಾಡಿದೆ. ಕಾಲು ಸುತ್ತು ಅಂದರೆ ಕಾಲು ಸುತ್ತೇ. ಅರ್ಧ ಸುತ್ತಿಗೆ ಸ್ಕ್ರೀನ್ ತಲೆ ಹಾಕಿಬಿಡುತ್ತೆ. ಸರಿಹೋಯಿತಾ ಅಂತ ತಿಳಿಯುವುದು ಸುಲಭ: ಮೇಜಿನ ಮೇಲಿಟ್ಟು ಮುಚ್ಚಳವನ್ನು ನಡುಮಧ್ಯ ಒಂದೇ ಬೆರಳಲ್ಲಿ ಎತ್ತಿ. ಕೆಳಗಿನ ಭಾಗ ಜೊತೆಗೆ ಏಳಬಾರದು, ಬಿಟ್ಟ ಕೋನದಲ್ಲಿ ಸ್ಕ್ರೀನ್ ನಿಲ್ಲಬೇಕು. ಎರಡೂ ಕಡೆಯ ಬಿಗಿ ಒಂದೇ ಸಮ ಇರಲಿ, ಇಲ್ಲದಿದ್ದರೆ ಮುಚ್ಚಳ ತಿರುಚಿಕೊಂಡು ಚೆನ್ನಾಗಿದ್ದ ಹಿಂಜೂ ಹೋಗುತ್ತೆ. ಕೆಲವು ಹಿಂಜಿಗೆ ನಟ್ಟೇ ಇರಲ್ಲ, ತಗಡು ಶಾಫ್ಟಿಗೆ ಸುರುಳಿ ಸುತ್ತಿಕೊಂಡಿರುತ್ತೆ. ಅದನ್ನು ಸಡಿಲಿಸಲು ನನ್ನ ಹತ್ತಿರ ದಾರಿಯಿಲ್ಲ. ಗ್ರೀಸಿಗೂ ಜಗ್ಗದಿದ್ದರೆ ಹೊಸ ಜೋಡಿ ತರುವುದೇ, ಆರುನೂರು ಏಳುನೂರು.

ಇನ್ನು ಅಂಟು. ಐದು ನಿಮಿಷದ್ದಲ್ಲ, ರಾತ್ರಿಯಿಡೀ ಸೆಟ್ ಆಗುವ ಮಾಮೂಲಿ ಅರಾಲ್ಡೈಟ್ ಎಪಾಕ್ಸಿ ಅಂಟು, ಎರಡು ಟ್ಯೂಬಿಂದ ಸಮಸಮ. ಹಳೇ ಅಂಟು, ಮುರಿದ ಕಂಬದ ಮೊಂಡು ಎಲ್ಲ ಬ್ಲೇಡಿನಲ್ಲಿ ಕೆತ್ತಿ ತೆಗೆದೆ. ಪ್ಲಾಸ್ಟಿಕ್ ಮೇಲೆ 80ನೇ ನಂಬರ್ ಉಪ್ಪುಕಾಗದ ಉಜ್ಜಿ, ಅದರ ಮೇಲೆ ಕಟರ್‌ನಲ್ಲಿ ಅಡ್ಡ ಉದ್ದ ಗೀರು ಹಾಕಿದೆ. ಐಸೋಪ್ರೊಪೈಲ್‌ನಲ್ಲಿ ಒರೆಸಿದ ಮೇಲೆ ಬೆರಳು ತಾಗಿಸಲಿಲ್ಲ.

ಮುಖ್ಯ ವಿಷಯ ಇಲ್ಲಿದೆ. ಇನ್‌ಸರ್ಟ್‌ಗಳನ್ನು ಒಂದೊಂದಾಗಿ ಅಂಟಿಸಿ, ಒಣಗಿದ ಮೇಲೆ ಹಿಂಜು ತಂದು ಕೂರಿಸಲು ಹೋದರೆ ತೂತು ಯಾವತ್ತೂ ಸಾಲಿಗೆ ಬರಲ್ಲ. ಅರ್ಧ ಮಿಲಿಮೀಟರ್ ತಪ್ಪಿದರೂ ಸ್ಕ್ರೂ ಓರೆಯಾಗಿ ಹೋಗಿ ಇನ್‌ಸರ್ಟ್ ಎಬ್ಬಿಸುತ್ತೆ. ನಾನು ಇನ್‌ಸರ್ಟ್‌ಗಳನ್ನು ಹಿಂಜಿಗೇ ಸ್ಕ್ರೂ ಹಾಕಿ ಕಟ್ಟಿಕೊಂಡೆ. ಸ್ಕ್ರೂ ಥ್ರೆಡ್ಡಿಗೆ ಮೊದಲೇ ಮೇಣದಬತ್ತಿ ಉಜ್ಜಿದ್ದೆ, ಅಂಟು ನುಗ್ಗಿದರೂ ಕಚ್ಚಬಾರದಲ್ಲ. ಹಿಂಜಿನ ಅಡಿಗೂ ತೆಳ್ಳಗೆ ಮೇಣ. ಅಂಟಿನ ದಿಬ್ಬದ ಮೇಲೆ ಇಡೀ ಹಿಂಜನ್ನು ಕೂರಿಸಿ, ಮುಚ್ಚಳವನ್ನು ಒಂದು ಸಲ ಮುಚ್ಚಿ ನೋಡಿ, ಬಟ್ಟೆ ಕ್ಲಿಪ್ ಹಾಕಿ ಬಿಟ್ಟೆ. ಹಿಂಜೇ ಅಚ್ಚು. ಮಾರನೇ ದಿನ ಸ್ಕ್ರೂ ಬಿಚ್ಚಿದರೆ ಇನ್‌ಸರ್ಟ್‌ಗಳು ಕೂರಬೇಕಾದ ಕಡೆಯೇ ಕೂತಿದ್ದವು.

ಬರೀ ಅರಾಲ್ಡೈಟ್ ಸಾಲದು, ಒಳಗೆ ಏನಾದರೂ ನಾರು ಬೇಕು. ಇಲ್ಲೊಂದು ಅಡ್ಡ ಪ್ರಯೋಗ. ತೆಂಗಿನ ಜಿಲ್ಲೆಯವನು, ಮನೆ ತುಂಬಾ ನಾರು. ಸಣ್ಣಗೆ ಕತ್ತರಿಸಿ ಅಂಟಿಗೆ ಬೆರೆಸಿ ನೋಡಿದೆ. ನಾರಿನ ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಬಂತು, ಮುರಿದು ನೋಡಿದರೆ ನಾರು ನುಣ್ಣಗೆ ಜಾರಿ ಹೊರಗೆ. ತೆಂಗಿನ ಹಗ್ಗಕ್ಕೇ ಅದು ಲಾಯಕ್ಕು. ಆಮೇಲೆ ಸೊಳ್ಳೆ ಜಾಲರಿಯ ಸ್ಟೀಲ್ ಮೆಶ್ ತುಂಡು ಹಾಕಿದೆ. ಗಟ್ಟಿ ಭರ್ಜರಿ. ಪಕ್ಕದ ಮನೆಯವರ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿದೆ, ಅವರಿಗೆ ವೈಫೈ ಹಾಲ್ ದಾಟಿದರೆ ಸಿಗುತ್ತಿರಲಿಲ್ಲ. ಅವರ ಮಾಡೆಲ್‌ನಲ್ಲಿ ಆಂಟೆನಾ ಹಿಂಜಿನ ಪಕ್ಕದಲ್ಲೇ ಇತ್ತು. ಕೊನೆಗೆ ಕಾರ್ ಬಾಡಿ ಕೆಲಸದವರ ಹತ್ತಿರ ಗ್ಲಾಸ್ ಫೈಬರ್ ಬಟ್ಟೆ ಅಂಗೈಯಗಲ ತಂದು ಅಂಟಿನೊಳಗೆ ಹಾಕಿದೆ. ಅವರು ಕಾಸೂ ತಗೊಳ್ಳಲಿಲ್ಲ. ಅದನ್ನು ಕತ್ತರಿಸುವಾಗ ಮಾಸ್ಕ್, ಗ್ಲೌಸ್ ಹಾಕಿ, ಇಲ್ಲದಿದ್ದರೆ ತುರಿಕೆ ಎರಡು ದಿನ ಹೋಗಲ್ಲ. ಅಂಟಿಗೆ ಇನ್ನೊಂದು ಪುಡಿಯನ್ನೂ ಸ್ವಲ್ಪ ಸೇರಿಸುತ್ತೇನೆ. ಯಾವುದು ಅಂತ ಸದ್ಯಕ್ಕೆ ಹೇಳಲ್ಲ. ಅದು ಎಲ್ಲರ ಮನೆಯಲ್ಲೂ ಇರುತ್ತೆ, ಸೋಡಾ ಮಾತ್ರ ಅಲ್ಲ.

ಡಿಸೆಂಬರ್ ಚಳಿಯಲ್ಲಿ ಅರಾಲ್ಡೈಟ್ ಮೊಂಡು ಹಿಡಿಯುತ್ತೆ. ಹಳೇ 60 ವ್ಯಾಟಿನ ಗುಂಡು ಬಲ್ಬನ್ನು ಒಂದಡಿ ದೂರದಲ್ಲಿಟ್ಟು ರಾತ್ರಿ ಬಿಟ್ಟೆ. ಸ್ಕ್ರೀನ್ ಪ್ಯಾನೆಲ್ ಬಿಚ್ಚಿ ಬೇರೆ ಇಟ್ಟಿದ್ದೆ ಅನ್ನೋದು ನೆನಪಿರಲಿ.

ಟೂಲ್ ಕಿಟ್ ಬಗ್ಗೆ ಬಹಳ ಜನ ಕೇಳುತ್ತಾರೆ. ಮೊದಲು ಫುಟ್‌ಪಾತಿನಲ್ಲಿ ಇನ್ನೂರೈವತ್ತಕ್ಕೆ ತಂದ ಕಿಟ್‌ನಲ್ಲಿ ಬಿಟ್‌ಗಳು (ಸ್ಕ್ರೂಡ್ರೈವರ್ ತುದಿಗಳು) ನೂರರ ಮೇಲಿದ್ದವು, ಕೆಲಸಕ್ಕೆ ಬಂದಿದ್ದು ಒಂದೂ ಇಲ್ಲ. ಹಿಂಜಿನ ಸ್ಕ್ರೂಗೆ ಕಂಪನಿಯವರು ನೀಲಿ ಲಾಕ್, ಅಂದರೆ ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು, ಹಾಕಿರುತ್ತಾರೆ. ಎರಡನೇ ಸ್ಕ್ರೂಗೇ ಬಿಟ್ಟಿನ ಮೂತಿ ಉರುಟಾಯಿತು. ಈಗ ಇರುವುದು ಎಸ್2 ಅನ್ನೋ ಗಟ್ಟಿ ಸ್ಟೀಲಿನದು, ಸಾವಿರದ ಚಿಲ್ಲರೆ ಬಿತ್ತು. ಅದರಲ್ಲೂ ನಿಜವಾಗಿ ಸವೆಯುವುದು ಫಿಲಿಪ್ಸ್ (ಪ್ಲಸ್ ಆಕಾರದ್ದು) ಶೂನ್ಯ, ಡಬಲ್ ಶೂನ್ಯ, ಟಾರ್ಕ್ಸ್ (ನಕ್ಷತ್ರದ ಆಕಾರದ್ದು) 5, ಅಷ್ಟೇ. ಮಿಕ್ಕಿದ್ದು ಶೋಕಿಗೆ. ಬಿಗಿ ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ ತುದಿಯನ್ನು ಐದಾರು ಸೆಕೆಂಡ್ ಒತ್ತಿ ಹಿಡಿದರೆ ನೀಲಿ ಲಾಕ್ ಮೆತ್ತಗಾಗುತ್ತೆ. ಆಮೇಲೆ ಬಿಟ್ಟನ್ನು ಬಲವಾಗಿ ಕೆಳಗೆ ಒತ್ತಿ, ತಿರುಗಿಸುವುದು ನಿಧಾನ. ಬಿಟ್ಟಿನ ಮ್ಯಾಗ್ನೆಟ್ ಹೋಗಿದ್ದರೆ ಹಳೇ ಸ್ಪೀಕರ್ ಮ್ಯಾಗ್ನೆಟ್ ಮೇಲೆ ಒಂದೇ ದಿಕ್ಕಿಗೆ ಹತ್ತು ಸಲ ಎಳೆಯಿರಿ, ಸಾಕು.

ಇನ್‌ಸರ್ಟ್ ಕಳೆದುಹೋಗಿದ್ದರೆ ಎರಡೂವರೆ ಮಿಲಿಮೀಟರಿನದು ಪ್ಯಾಕೆಟ್ಟಿಗೆ ಇನ್ನೂರರ ಹತ್ತಿರ, ಆನ್‌ಲೈನಿನಲ್ಲೇ ಸಿಗುತ್ತೆ. ನಾನು ಮೊದಲ ಸಲ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಓಡಿಸುವ ಗೆಳೆಯನ ಹತ್ತಿರ ಹಿತ್ತಾಳೆಯಲ್ಲಿ ಮಾಡಿಸಿಕೊಂಡೆ, ಮೈಮೇಲೆ ಗೀರು ಆಳವಾಗಿ ಬರಲಿ ಅಂತ. ಕೂಲಿ ಅಂತ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಿದೆ. ಅವನು ತಿಂದ ಲೆಕ್ಕ ನೋಡಿದರೆ ಪ್ಯಾಕೆಟ್ಟೇ ಅಗ್ಗ ಇತ್ತು.

ನನ್ನ ಲ್ಯಾಪ್‌ಟಾಪಿಗೆ ಒಟ್ಟು ಖರ್ಚು, ಕಿಟ್ ಬಿಟ್ಟು, ನಾನೂರು ದಾಟಿಲ್ಲ. ಕೆಟ್ಟ ಪ್ರಯೋಗಗಳಿಗೆ ಹೋದ ದುಡ್ಡು ಸೇರಿಸಿದರೆ ಎಂಟುನೂರು ಅನ್ನಿ. ಆಮೇಲೆ ರೈಲಿನ ಪಾಸ್ ಗೆಳೆಯರದ್ದು, ಅವರ ಮಕ್ಕಳದ್ದು ಅಂತ ಹದಿನೈದರ ಹತ್ತಿರ ಮಾಡಿದ್ದೇನೆ. ಎರಡು ವಾಪಸ್ ಬಂದವು. ಎರಡೂ ಸುರುಳಿ ಹಿಂಜಿನವೇ, ಹೊಸ ಜೋಡಿ ಬೇಡ ಅಂತ ಹಟ ಹಿಡಿದವರದ್ದು. ಎಂ.ಜಿ. ರಸ್ತೆಯ ಅದೇ ಅಂಗಡಿಯ ಹುಡುಗ ಹೋದ ತಿಂಗಳು ನನ್ನ ಮುಚ್ಚಳವನ್ನು ಹತ್ತಿಪ್ಪತ್ತು ಸಲ ತೆಗೆದು ಮುಚ್ಚಿ ನೋಡಿದ. "ಏನ್ ಹಾಕಿದ್ರಿ ಸಾರ್" ಅಂದ. ನಟ್ಟು ಸಡಿಲ ಮಾಡಿದ್ದು ಹೇಳಿದೆ, ಪುಡಿ ಹೇಳಲಿಲ್ಲ.

ಇದೇ ಕಿಟ್‌ನಲ್ಲಿ ಮನೆಯಲ್ಲಿ ಆದ ಸಣ್ಣಪುಟ್ಟ ಕೆಲಸಗಳನ್ನು ಬರೆಯುತ್ತ ಹೋದರೆ ಮುಗಿಯಲ್ಲ. ಒಂದು ಕ್ಲಿಕ್ಕಿಗೆ ಎರಡು ಕ್ಲಿಕ್ ಆಗುತ್ತಿದ್ದ ಮೌಸಿಗೆ ಸ್ವಿಚ್ ಬದಲಿಸಿದೆ, ಇಪ್ಪತ್ತು ರೂಪಾಯಿ. ಚಾರ್ಜ್ ಆಗದ ಫೋನಿಗೆ ಬೋರ್ಡ್ ತರಿಸುವ ಮೊದಲು ಟೈಪ್ ಸಿ ಪೋರ್ಟನ್ನು ಮರದ ಟೂತ್‌ಪಿಕ್ಕಿನಲ್ಲಿ ಕೆದಕಿದೆ, ಜೇಬಿನ ನೂಲು ಉಂಡೆ ಉಂಡೆ ಬಂತು, ಚಾರ್ಜ್ ಶುರುವಾಯಿತು. ಮುನ್ನೂರು ಉಳಿಯಿತು.

ಬೇರೆಯವರ ಹಿಂಜು ಮಾಡಿಕೊಡಲು ಈಗ ಐನೂರು ತಗೊಳ್ಳುತ್ತೇನೆ, ಎರಡು ದಿನ ಲ್ಯಾಪ್‌ಟಾಪ್ ನನ್ನ ಹತ್ತಿರ ಬಿಡಬೇಕು. ಅವಸರ ಅಂದವರದ್ದು ಮುಟ್ಟಲ್ಲ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಕೆಳಗೆ ಬ್ಯಾಟರಿ ಊದಿದೆ ಅಂತ ಅರ್ಥ. ಅಂಥದ್ದನ್ನು ಮೊದಲು ಬ್ಯಾಟರಿ ಹಾಕಿಸಿಕೊಂಡು ಬನ್ನಿ ಅಂತ ಬಾಗಿಲಲ್ಲೇ ವಾಪಸ್ ಕಳಿಸುತ್ತೇನೆ. ಮೆಟಲ್ ಬಾಡಿಯವು ಇನ್ನೂ ಕೈಗೆ ಬಂದಿಲ್ಲ. ಯಾರ ಹತ್ತಿರವಾದರೂ ಸತ್ತ ಮೆಟಲ್ ಮುಚ್ಚಳ ಇದ್ದರೆ ಗುಜರಿಗೆ ಹಾಕಬೇಡಿ, ಕೆಜಿ ರೇಟಿಗೆ ನಾನೇ ತಗೊಳ್ಳುತ್ತೇನೆ.