ನರಿ ಬಂದರೂ ಕೋಳಿ ಉಳಿಯಬೇಕಾದರೆ

ಹಿತ್ತಲಲ್ಲಿ ಹತ್ತಿಪ್ಪತ್ತು ನಾಟಿ ಕೋಳಿ ಬಿಟ್ಟು ಮೇಯಿಸುವವರು ನರಿ ಕಾಟ ಶುರುವಾದ ಕೂಡಲೇ ಜಮೀನಿನ ಸುತ್ತ ಬೇಲಿ ಹಾಕಿಸೋಣ ಅಂತ ಹೊರಡುತ್ತಾರೆ. ಆ ದುಡ್ಡು ಅಲ್ಲಿ ಸುರಿಯಬೇಡಿ. ನರಿ ಸಣ್ಣ ಸಂದಿಯಲ್ಲೂ ನುಸುಳುತ್ತದೆ, ಸಂದಿ ಇಲ್ಲದಿದ್ದರೆ ಬೇಲಿಯಡಿ ಮಣ್ಣು ಕೆರೆದು ಬರುತ್ತದೆ. ಅದರ ಬದಲು ರಾತ್ರಿ ಗೂಡನ್ನು ಗಟ್ಟಿ ಮಾಡಿ, ದಿನಾ ಕತ್ತಲಾಗುವ ಮುಂಚೆ ಬಾಗಿಲು ಹಾಕಿ. ಮುಕ್ಕಾಲು ಪಾಲು ಕಾಟ ಅಲ್ಲಿಗೇ ನಿಲ್ಲುತ್ತದೆ.

ಮೊದಲು ಕಳ್ಳ ಯಾರು ಅಂತ ನೋಡಿ

ಕೋಳಿ ಹೋಯಿತು ಅಂದ್ರೆ ನರಿಯೇ ಅಂತಲ್ಲ. ನರಿಯಾದರೆ ಸಾಮಾನ್ಯವಾಗಿ ಇಡೀ ಕೋಳಿಯನ್ನು ಕಚ್ಚಿಕೊಂಡು ಹೋಗುತ್ತದೆ. ಗೂಡಿನ ಹತ್ತಿರ ಒಂದು ಹಿಡಿ ಪುಕ್ಕ, ಬೇಲಿ ಸಂದಿಯಲ್ಲಿ ನಾಲ್ಕು, ಅದರಾಚೆ ಲಂಟಾನ ಪೊದೆಯ ಬುಡದಲ್ಲಿ ಒಂದು ರೆಕ್ಕೆ, ಹೀಗೆ ದಾರಿ ಕಾಣುತ್ತದೆ. ಐದಾರು ಕೋಳಿ ಅಲ್ಲಲ್ಲೇ ಸತ್ತು ಬಿದ್ದಿದ್ದು, ತಿಂದ ಗುರುತು ಅಷ್ಟಾಗಿ ಇಲ್ಲ ಅಂದ್ರೆ ಹೆಚ್ಚಾಗಿ ಅದು ಊರ ನಾಯಿಗಳ ಕೆಲಸ. ಮೊಟ್ಟೆ, ಮರಿ ಮಾತ್ರ ಮಾಯವಾಗಿ ಒಂದು ಪುಕ್ಕವೂ ಸಿಗದಿದ್ದರೆ ಹಾವು ಇರಬಹುದು. ಮುಂಗುಸಿ ಹಗಲಲ್ಲೇ ಬರುತ್ತದೆ. ಯಾರು ಅಂತ ಗೊತ್ತಾದರೆ ಎಲ್ಲಿ ಭದ್ರ ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಗೂಡಿನ ಬುಡ, ಗೂಡಿನ ಬಾಗಿಲು

ಹತ್ತು ದೊಡ್ಡ ಕೋಳಿಗೆ ನಾಲ್ಕು ಅಡಿ ಅಗಲ, ಐದು ಅಡಿ ಉದ್ದದ ಗೂಡು ಸಾಕು. ಕಲ್ಲು ಕಂಬದ ಮೇಲೆ ಎರಡು ಮೂರು ಅಡಿ ಎತ್ತರಕ್ಕೆ ಕಟ್ಟಿದರೆ ಇನ್ನೂ ಒಳ್ಳೆಯದು. ಹಿಕ್ಕೆ ಕೆಳಗೆ ಬೀಳುತ್ತದೆ, ಗೂಡು ಒಣಗಿರುತ್ತದೆ, ನೆಲ ಕೆರೆದು ಒಳಗೆ ಬರುವ ದಾರಿಯೂ ಇರುವುದಿಲ್ಲ.

ಮೆಶ್ ತರುವಾಗ ಸ್ವಲ್ಪ ನೋಡಿ ತನ್ನಿ. ಅಂಗಡಿಯಲ್ಲಿ ಚಿಕನ್ ಮೆಶ್ ಅಂತ ಕೊಡುವ ಆರು ಮೂಲೆ ಕಣ್ಣಿನ ತೆಳು ಬಲೆ ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ನರಿ, ನಾಯಿ ಹಲ್ಲು ಹಾಕಿ ಎಳೆದರೆ ಹರಿಯುತ್ತದೆ. ತಂತಿಗಳನ್ನು ಬೆಸೆದು ಮಾಡಿದ ಗಟ್ಟಿ ಬಲೆ, ಅಂದ್ರೆ ವೆಲ್ಡ್ ಮೆಶ್ ಕೇಳಿ, ಕಣ್ಣು ಅರ್ಧ ಇಂಚಿನದ್ದಾದರೆ ದೊಡ್ಡ ಹಾವು, ಮುಂಗುಸಿಗೂ ದಾರಿ ಇರುವುದಿಲ್ಲ. ರೇಟು ಜಾಸ್ತಿ, ನಿಜ. ಗೂಡಿಗೆ ಎಷ್ಟು ಬೇಕೋ ಅಷ್ಟೇ ತನ್ನಿ. ಅದನ್ನು ಬರೀ ಬೈಂಡಿಂಗ್ ವೈರಿನಲ್ಲಿ ಬಿಗಿದು ಬಿಡಬೇಡಿ, ಮರದ ಪಟ್ಟಿ ಇಟ್ಟು ಮೊಳೆ ಹೊಡೆಯಿರಿ.

ಗೂಡು ನೆಲದ ಮೇಲೇ ಇದ್ದರೆ ಒಂದು ಕೆಲಸ ತಪ್ಪಿಸಲೇಬೇಡಿ. ಗೋಡೆಯ ಬುಡದಿಂದ ಹೊರಗಡೆಗೆ ಒಂದೂವರೆ, ಎರಡು ಅಡಿ ಅಗಲ ಮೆಶ್ ಅನ್ನು ನೆಲಕ್ಕೆ ಅಡ್ಡ ಹಾಸಿ, ಗೋಡೆಯ ಮೆಶ್‌ಗೆ ಸೇರಿಸಿ ಕಟ್ಟಿ, ಮೇಲೆ ಸೈಜುಗಲ್ಲು ಪೇರಿಸಿ ಮಣ್ಣು ಮುಚ್ಚಿ. ನರಿ ಕೆರೆಯುವುದು ಗೋಡೆಗೆ ಅಂಟಿಕೊಂಡೇ. ಅಲ್ಲಿ ಉಗುರಿಗೆ ತಂತಿ ಸಿಕ್ಕಿದರೆ ಅದು ಎರಡು ಅಡಿ ಹಿಂದೆ ಹೋಗಿ ಕೆರೆಯಲು ಶುರು ಮಾಡುವುದಿಲ್ಲ.

ಬಾಗಿಲಿಗೆ ಎರಡು ಚಿಲಕ ಇರಲಿ, ಮೇಲೊಂದು ಕೆಳಗೊಂದು. ಒಂದೇ ಚಿಲಕ ಇದ್ದರೆ ಕೆಳಗಿನ ಮೂಲೆ ಬಗ್ಗುತ್ತದೆ, ಆ ಸಂದಿಗೇ ಮೂತಿ ತೂರಿಸುತ್ತದೆ.

ಸಂಜೆಯ ಅರ್ಧ ಗಂಟೆ

ಗೂಡು ಎಷ್ಟೇ ಗಟ್ಟಿ ಇದ್ದರೂ ಬಾಗಿಲು ಹಾಕುವುದು ಏಳೂವರೆಗೆ ಅಂದ್ರೆ ಪ್ರಯೋಜನವಿಲ್ಲ. ನರಿ ಓಡಾಡುವ ಹೊತ್ತು ಮುಸ್ಸಂಜೆ ಮತ್ತು ನಸುಕು. ಸೂರ್ಯ ಮುಳುಗುವ ಮುಂಚೆಯೇ ಗೂಡಿನ ಒಳಗಡೆ ಒಂದು ಹಿಡಿ ನುಚ್ಚೋ ರಾಗಿಯೋ ಹಾಕಿ ದಿನಾ ಒಂದೇ ದನಿಯಲ್ಲಿ ಕರೆಯಿರಿ. ಕೆಲವೇ ದಿನದಲ್ಲಿ ಆ ದನಿಗೆ ಓಡಿ ಬರುತ್ತವೆ. ಬಾಗಿಲು ಹಾಕುವ ಮುಂಚೆ ಎಣಿಸಿ. ದಿನಾ ಎಣಿಸಿ. ಒಂದು ಹೇಂಟೆ ಕಮ್ಮಿ ಬಂದರೆ ಅದು ಎಲ್ಲೋ ಪೊದೆಯೊಳಗೆ ಕದ್ದು ಮೊಟ್ಟೆ ಇಟ್ಟು ಕಾವಿಗೆ ಕೂತಿರಬಹುದು. ನರಿಗೆ ಅದಕ್ಕಿಂತ ಸುಲಭದ ತುತ್ತು ಇಲ್ಲ, ಯಾಕೆಂದರೆ ಕಾವು ಕೂತ ಹೇಂಟೆ ಏನು ಬಂದರೂ ಬೇಗ ಏಳುವುದಿಲ್ಲ. ಹುಡುಕಿ, ಕತ್ತಲಾದ ಮೇಲೆ ಮೊಟ್ಟೆ ಸಮೇತ ಎತ್ತಿ ತಂದು ಮಂಕರಿಯಲ್ಲಿ ಹುಲ್ಲು ಹಾಸಿ ಗೂಡಿನೊಳಗೇ ಕೂರಿಸಿ.

ಮರ ಹತ್ತಿ ಮಲಗುವ ಕೋಳಿಗಳನ್ನು ಒಂದು ವಾರ ಗೂಡಿನಲ್ಲೇ ಕೂಡಿ ಹಾಕಿ, ಅಲ್ಲೇ ಕಾಳು ನೀರು ಕೊಡಿ. ಒಳಗೆ ಕೂರಲು ಅಡ್ಡಗೋಲು ಇರಲಿ. ಆಮೇಲೆ ಹೆಚ್ಚಿನವು ತಾವೇ ಬರುತ್ತವೆ. ಗಿರಿರಾಜದಂಥ ತೂಕದ ಕೋಳಿಗಳು ನಾಟಿ ಕೋಳಿಯಷ್ಟು ಚುರುಕಾಗಿ ಹಾರಲಾರವು, ಅವಕ್ಕೆ ಗೂಡೇ ದಿಕ್ಕು.

ಬೆಳಗ್ಗೆ ಚೆನ್ನಾಗಿ ಬೆಳಕು ಹರಿದ ಮೇಲೆ ಬಿಡಿ. ಗೂಡಿನ ಸುತ್ತ ಹದಿನೈದು ಇಪ್ಪತ್ತು ಅಡಿ ಪೊದೆ ಸವರಿ. ಪಕ್ಕದಲ್ಲಿ ಕಬ್ಬೋ ಜೋಳವೋ ಎತ್ತರ ನಿಂತಿದ್ದರೆ ಕೋಳಿಯನ್ನು ಆ ಕಡೆ ಮೇಯಲು ಬಿಡಬೇಡಿ. ಬೇಸಿಗೆಯಲ್ಲಿ ಇನ್ನೂ ಹುಷಾರಾಗಿರಿ, ಆಗ ನರಿಗಳು ಮರಿಗಳಿಗೂ ಊಟ ಹೊಂಚಬೇಕಾಗಿರುತ್ತದೆ.

ಇನ್ನೊಂದು ಮಾತು, ಕರುಳು, ಪುಕ್ಕ, ಸತ್ತ ಕೋಳಿ, ಇದನ್ನೆಲ್ಲ ಬೇಲಿಯಾಚೆ ಎಸೆಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ನರಿಗೆ ದಾರಿ ತೋರಿಸುವುದೇ ಅದು. ಎರಡು ಮೂರು ಅಡಿ ಗುಂಡಿ ತೋಡಿ ಹೂಳಿ, ಮೇಲೆ ಕಲ್ಲು ಇಡಿ.

ವಿಷ, ಉರುಳು, ಕರೆಂಟು ಬೇಡವೇ ಬೇಡ

ವಿಷ ಇಟ್ಟರೆ ಮೊದಲು ಸಾಯುವುದು ನಿಮ್ಮದೋ ಪಕ್ಕದ ಮನೆಯದೋ ನಾಯಿ. ಮನೆಯ ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಕೊಟ್ಟರೆ ಮನುಷ್ಯರೇ ಸಾಯುತ್ತಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ನರಿಯನ್ನು ಕೊಲ್ಲುವುದು, ಉರುಳು ಹಾಕಿ ಹಿಡಿಯುವುದು ಅಪರಾಧ. ಕಾನೂನಿನ ಮಾತು ಪಕ್ಕಕ್ಕಿಡಿ, ನರಿ ನಮ್ಮ ಹೊಲದ ಇಲಿ, ಹೆಗ್ಗಣ ತಿಂದು ಬದುಕುವ ಪ್ರಾಣಿ. ಅದು ಹೊಲದಲ್ಲಿರಲಿ, ಕೋಳಿ ಗೂಡಿನಲ್ಲಿರಲಿ. ತಂತಿ ಬೇಕೇ ಬೇಕು ಅನ್ನುವವರು, ಕೊಲ್ಲದೆ ಕ್ಷಣಮಾತ್ರ ಶಾಕ್ ಕೊಟ್ಟು ಹೆದರಿಸುವ ಸೋಲಾರ್ ಝಟ್ಕಾ ಬೇಲಿ ಹಾಕಿಸಿ. ಕೆಳಗಿನ ತಂತಿ ನೆಲದಿಂದ ಆರು ಇಂಚಿನಲ್ಲಿರಲಿ, ಅದಕ್ಕೆ ಹುಲ್ಲು ತಾಗದ ಹಾಗೆ ನೋಡಿಕೊಳ್ಳಿ. ಹುಲ್ಲು ತಾಗಿದರೆ ಶಾಕ್ ಕಮ್ಮಿಯಾಗುತ್ತದೆ.

ಒಂದು ಸಲ ಕೋಳಿ ಸಿಕ್ಕಿದ ಜಾಗಕ್ಕೆ ನರಿ ಮತ್ತೆ ಬರುತ್ತದೆ. ಹಾಗಾಗಿ ಕೋಳಿ ಹೋದ ದಿನದಿಂದ ಒಂದು ವಾರ ಹತ್ತು ದಿನ ಉಳಿದವನ್ನು ಹೊರಗೆ ಬಿಡಬೇಡಿ, ಅಷ್ಟರಲ್ಲಿ ಅದು ಬಂದ ಸಂದಿ ಹುಡುಕಿ ಮುಚ್ಚಿ. ಹಾಡುಹಗಲೇ ಜನರ ಭಯವಿಲ್ಲದೆ ತೂರಾಡುತ್ತಾ ಅಂಗಳಕ್ಕೆ ಬರುವ ನರಿ ಕಂಡರೆ ಮಾತ್ರ ಹತ್ತಿರ ಹೋಗಬೇಡಿ, ಅದಕ್ಕೆ ರೇಬಿಸ್ ಇರಬಹುದು. ಮಕ್ಕಳನ್ನು, ನಾಯಿಯನ್ನು ಒಳಗೆ ಕರೆದುಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಯಾರಿಗಾದರೂ ಕಚ್ಚಿದ್ದರೆ ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿ.