ಪ್ರಜ್ಞೆ ತಪ್ಪುವುದು, ಪಾದ ಮರಗಟ್ಟುವುದು: ಕಾರಣ ಗುರುತಿಸುವ ಬಗೆ

ಪ್ರಜ್ಞೆ ತಪ್ಪಿ ಬಿದ್ದವರನ್ನು ವೈದ್ಯರಲ್ಲಿಗೆ ಕರೆದೊಯ್ದಾಗ ‘ತಲೆ ಸುತ್ತಿ ಬಿದ್ದರು’ ಎಂದಷ್ಟೇ ಹೇಳಿದರೆ ಸಾಲದು. ಬೀಳುವ ಮುನ್ನ ಏನಾಯಿತು, ಎಷ್ಟು ಹೊತ್ತಿಗೆ ಎಚ್ಚರವಾಯಿತು, ಎಚ್ಚರವಾದ ಮೇಲೆ ಹೇಗಿದ್ದರು ಎಂಬುದನ್ನು ಕಂಡವರೇ ಬರೆದಿಟ್ಟುಕೊಳ್ಳಬೇಕು. ಬಹಳ ಹೊತ್ತು ನಿಂತೋ ರಕ್ತ ಕಂಡೋ ಮೈ ಬೆವರಿ, ಹೊಟ್ಟೆ ತೊಳಸಿ, ಕಣ್ಣು ಕತ್ತಲೆಗಟ್ಟಿ ಬಿದ್ದವರು ಮಲಗಿಸಿದ ಕೂಡಲೇ ಚೇತರಿಸಿಕೊಂಡರೆ ಅದು ಬಹುಮಟ್ಟಿಗೆ ಸಾಮಾನ್ಯ ಮೂರ್ಛೆ. ಅದರಲ್ಲೂ ಕೈಕಾಲು ಕ್ಷಣಕಾಲ ಅದುರಬಹುದು. ಅಷ್ಟಕ್ಕೇ ಅಪಸ್ಮಾರ (ಫಿಟ್ಸ್) ಎಂದು ಹೆದರಬೇಕಿಲ್ಲ. ನಾಲಿಗೆಯ ಅಂಚನ್ನು ಕಚ್ಚಿಕೊಂಡು, ಎದ್ದ ಮೇಲೂ ಬಹಳ ಹೊತ್ತು ಗೊಂದಲದಲ್ಲಿದ್ದರೆ ಮಾತ್ರ ಆ ಅನುಮಾನ ಬಲವಾಗುತ್ತದೆ. ಆದರೆ ಯಾವ ಮುನ್ಸೂಚನೆಯೂ ಇಲ್ಲದೆ, ಓಡುವಾಗ ಅಥವಾ ಮಲಗಿದ್ದಾಗ ಪ್ರಜ್ಞೆ ತಪ್ಪಿದರೆ, ಅಥವಾ ಮನೆತನದಲ್ಲಿ ಎಳೆ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ, ಹೃದಯದ ಲಯವನ್ನೇ ಮೊದಲು ಶಂಕಿಸಿ ಅಂದೇ ಇಸಿಜಿ ಮಾಡಿಸಬೇಕು.

ಎದ್ದು ನಿಂತಾಗಲೆಲ್ಲ ಕಣ್ಣು ಕತ್ತಲೆ ಬರುವವರು 5 ನಿಮಿಷ ಮಲಗಿ ರಕ್ತದೊತ್ತಡ ಅಳೆಯಬೇಕು. ನಂತರ, ಪಕ್ಕದಲ್ಲಿ ಹಿಡಿದುಕೊಳ್ಳುವವರನ್ನು ಇಟ್ಟುಕೊಂಡು, ನಿಂತ 1ನೇ ಮತ್ತು 3ನೇ ನಿಮಿಷದಲ್ಲಿ ಮತ್ತೆ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದು ದೋಷವೇ. ಒತ್ತಡ ಇಳಿದಾಗ ನಾಡಿ ಚುರುಕಾದರೆ ನಿರ್ಜಲೀಕರಣ, ರಕ್ತಸ್ರಾವದಂಥ ಕಾರಣಗಳನ್ನು ಹುಡುಕಬೇಕು. ಒತ್ತಡ ಕುಸಿದರೂ ನಾಡಿ ಹೆಚ್ಚುಕಡಿಮೆ ಇದ್ದಲ್ಲೇ ಇದ್ದರೆ, ರಕ್ತನಾಳಗಳನ್ನೂ ಹೃದಯವನ್ನೂ ನಮಗರಿವಿಲ್ಲದೆ ನಡೆಸುವ ನರಗಳೇ ಸೋತಿರಬಹುದು. ಹೃದಯದ ಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮಾತ್ರ ಈ ಗುರುತನ್ನು ನಂಬಲಾಗದು.

ಹೀಗೆ ನರಗಳು ಸೋತಿರುವ ಅನುಮಾನವಿರುವವರ ಪಾದಗಳನ್ನು ವಿಚಾರಿಸದೆ ಬಿಡಬಾರದು. ಹೊರನರಗಳ, ಎಂದರೆ ಮಿದುಳು ಮತ್ತು ಬೆನ್ನುಹುರಿಯಿಂದಾಚೆ ಕೈಕಾಲುಗಳಿಗೆ ಹರಡಿರುವ ನರಗಳ, ಹಾನಿ ಸಾಮಾನ್ಯವಾಗಿ ಅತಿ ಉದ್ದದ ನರಗಳ ತುದಿಯಿಂದ, ಎಂದರೆ ಎರಡೂ ಕಾಲ್ಬೆರಳುಗಳಿಂದ, ಶುರುವಾಗಿ ಕಾಲುಚೀಲದಂತೆ ಮೇಲೇರುತ್ತದೆ. ರಾತ್ರಿ ಅಂಗಾಲು ಉರಿಯುವುದು, ಚಪ್ಪಲಿ ಕಳಚಿ ಹೋದದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ತಿಳಿಯುವುದು, ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡುವುದು ಇದರ ಗುರುತುಗಳು. ಮಧುಮೇಹ ಈ ಹೊರನರಗಳನ್ನೂ ಹೃದಯ, ರಕ್ತನಾಳಗಳನ್ನು ನಡೆಸುವ ನರಗಳನ್ನೂ ಒಟ್ಟಿಗೇ ಕೆಡಿಸಬಲ್ಲದು. ಮದ್ಯಪಾನ, ವಿಟಮಿನ್ ಬಿ12 ಕೊರತೆ, ಕುಷ್ಠರೋಗ, ಕೆಲವು ಕ್ಯಾನ್ಸರ್ ಔಷಧಿಗಳನ್ನೂ ಪರಿಗಣಿಸಬೇಕು. ಒಂದೇ ಕೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸಂಭವವೇ ಹೆಚ್ಚು.

ಜೋಮಿನೊಂದಿಗೆ ಬಲಹೀನತೆಯೂ ಸೇರಿ ಕೆಲವೇ ದಿನಗಳಲ್ಲಿ ಕಾಲಿನಿಂದ ಮೇಲೇರುತ್ತಿದ್ದರೆ ಉಸಿರಾಟದ ಸ್ನಾಯುಗಳೂ ಸೋಲಬಹುದು; ಅಂಥವರನ್ನು ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಉಳಿದವರು ದಿನವೂ ನುಂಗುವ ಮಾತ್ರೆಗಳ ಹಾಳೆಗಳನ್ನೆಲ್ಲ ವೈದ್ಯರ ಮುಂದಿಡಬೇಕು: ರಕ್ತದೊತ್ತಡದ ಮಾತ್ರೆಯೇ ಬೀಳಿಸುತ್ತಿರಬಹುದು, ವರ್ಷಗಟ್ಟಲೆ ತೆಗೆದುಕೊಂಡ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ಬಿ12 ಅನ್ನು ತಗ್ಗಿಸಿರಬಹುದು. ಅವನ್ನು ತಾವಾಗಿಯೇ ನಿಲ್ಲಿಸಕೂಡದು.