ಕಟ್ಟಿದ ಭಾಷೆಗೆ ವಯಸ್ಸು ತರುವುದು ಹೇಗೆ?

ಕತೆಗೋ ಆಟಕ್ಕೋ ಹೊಸ ಭಾಷೆ ಕಟ್ಟುವವರು ಒಂದು ಕಡೆ ತಪ್ಪದೇ ಎಡವುತ್ತಾರೆ. 'ಹಳೆಯ ಭಾಷೆ' ಅಂತ ತೋರಿಸಲು ಮನಸ್ಸಿಗೆ ಬಂದ ಪದದಲ್ಲಿ ಅ ತೆಗೆದು ಎ ಹಾಕುತ್ತಾರೆ, ಪಕ್ಕದ ಪದವನ್ನು ಹಾಗೇ ಬಿಡುತ್ತಾರೆ. ಸ್ವರಗಳು ಹಾಗೆ ಬದಲಾಗುವುದಿಲ್ಲ.

ಮೊದಲು ಅಜ್ಜಿ ಭಾಷೆ ಮಾಡಿ, ಅಂದರೆ ಬದಲಾಗುತ್ತಾ ಬಂದು ನಿಮ್ಮ ಭಾಷೆಯಾಗುವ ಹಳೆಯ ರೂಪ. ಐದು ಸ್ವರ, ಐವತ್ತು ಪದ ಸಾಕು.

ಆಮೇಲೆ ನಿಯಮ ಬರೆಯಿರಿ. ಯಾವ ಸ್ವರ, ಏನಾಗುತ್ತದೆ, ಯಾವಾಗ ಆಗುತ್ತದೆ. ಈ 'ಯಾವಾಗ' ಬಿಟ್ಟರೆ ಕೆಲಸ ಕೆಟ್ಟಿತು. ನಮ್ಮ ಕಿವಿಯನ್ನೇ ನೋಡಿ. ತಮಿಳಿನಲ್ಲಿ ಅದು ಸೆವಿ. ಇ ಅನ್ನುವಾಗ ನಾಲಿಗೆ ಎಗಿಂತ ಮೇಲಿರುತ್ತದೆ; ಮುಂದಿನ ಇ ಹಿಂದಿನ ಎಯನ್ನು ಮೇಲಕ್ಕೆಳೆದು ಇ ಮಾಡಿದೆ. ಅಲ್ಲಿನ ಪೊಡಿ ಇಲ್ಲಿ ಪುಡಿ ಆಗಿದ್ದೂ ಹೀಗೆಯೇ. ಆದರೆ ನಡುವೆ ಒತ್ತಕ್ಷರ ಇರುವ ಬೆಳ್ಳಿಯಲ್ಲಿ ಎ ಅಲುಗಿಲ್ಲ.

ಈಗ ಕಷ್ಟದ ಭಾಗ: ನಿಯಮಗಳ ಸರದಿ. 'ರೊಬ' ಅಂದರೆ ಹಕ್ಕಿ, 'ರೊಬಿ' ಅಂದರೆ ಹಕ್ಕಿಗಳು ಅಂದುಕೊಳ್ಳಿ. ನಿಯಮ ಒಂದು: ಮುಂದೆ ಇ ಇದ್ದರೆ ಒ ಹೋಗಿ ಎ ಆಗುತ್ತದೆ. ನಿಯಮ ಎರಡು: ಪದದ ಕೊನೆಯ ಹ್ರಸ್ವ ಸ್ವರ ಬಿದ್ದುಹೋಗುತ್ತದೆ. ಈ ಸರದಿಯಲ್ಲಿ ಹೋದರೆ ರೊಬಿ ಮೊದಲು ರೆಬಿ ಆಗಿ, ಆಮೇಲೆ ರೆಬ್ ಆಗುತ್ತದೆ. ಒಂದು ಹಕ್ಕಿ ರೊಬ್, ಹಲವು ರೆಬ್. ಬಹುವಚನದ ಪ್ರತ್ಯಯ ಹೋಯಿತು, ಅದರ ಗುರುತು ಮಾತ್ರ ಒಳಗಿನ ಸ್ವರದಲ್ಲಿ ಉಳಿಯಿತು. ಇಂಗ್ಲಿಷಿನ ಫುಟ್–ಫೀಟ್ ಹುಟ್ಟಿದ್ದೇ ಹೀಗೆ. ಸರದಿ ತಿರುಗಿಸಿ ನೋಡಿ. ಇ ಮೊದಲೇ ಬಿದ್ದರೆ ಒಯನ್ನು ಎಳೆಯಲು ಯಾರೂ ಇಲ್ಲ, ಎರಡೂ ರೊಬ್! ಹಾಗಾದರೆ ಬಹುವಚನಕ್ಕೆ ಹೊಸ ದಾರಿ ಹುಡುಕಬೇಕು. ಅದೂ ತಪ್ಪಲ್ಲ, ಆದರೆ ಗೊತ್ತಿದ್ದು ಮಾಡಿ.

ಒಂದೇ ನಿಯಮದಂತೆ ಹತ್ತು ಪದಗಳನ್ನಾದರೂ ಕೈಯಲ್ಲೇ ಬರೆದು ನೋಡಿ. ನೀವು ಬರೆದ ನಿಯಮವನ್ನು ಎಲ್ಲ ಪದಗಳಿಗೂ ಹಾಕಿಕೊಡುವ ತಂತ್ರಾಂಶಗಳಿವೆ, ಪದ ಐನೂರಾದಾಗ ಬೇಕೇ ಬೇಕು. ಆದರೆ ಗುಂಡಿ ಒತ್ತಿದರೆ 'ಪುರಾತನ ಭಾಷೆ' ಕೊಡುವ ಆ್ಯಪ್‌ಗಳನ್ನು ನಂಬಬೇಡಿ. ನಾನು ದುಡ್ಡು ಕೊಟ್ಟು ತಗೊಂಡ ಒಂದು, ಸುಮ್ನೆ ಎಲ್ಲ ಸ್ವರಗಳ ಮೇಲೆ ಚುಕ್ಕಿ ಇಟ್ಟು ಕಳಿಸಿತ್ತು.

ದೀರ್ಘ ಸ್ವರಗಳನ್ನು ಬಾಯಲ್ಲಿನ ಅವುಗಳ ಜಾಗದಿಂದ ಸಾಲಾಗಿ ಸರಿಸಿ. ಇಂಗ್ಲಿಷಿನಲ್ಲಿ ಸುಮಾರು 1400ರಿಂದ 1700ರ ನಡುವೆ ಹಾಗೇ ಆಯಿತು. ಹೂಸ್ ಇದ್ದದ್ದು ಹೌಸ್ ಆಯಿತು, ಟೀಮ ಇದ್ದದ್ದು ಟೈಮ್ ಆಯಿತು. ಒಂದು ಜಾಗ ಬಿಟ್ಟರೆ ಇನ್ನೊಂದು ಅಲ್ಲಿಗೆ ಬರಬಹುದು, ಜಾಗ ಬಿಡದಿದ್ದರೆ ಎರಡು ಸೇರಿ ಒಂದಾಗಬಹುದು.

ಒಟ್ಟು ನಾಲ್ಕೈದು ನಿಯಮ ಸಾಕು. ಜಾಸ್ತಿ ಹಾಕಿದರೆ ಅಜ್ಜಿಯ ಗುರುತೇ ಸಿಗುವುದಿಲ್ಲ.

ನಿಯಮ ಮೀರಿದ ಪದ ಬೇಕು ಅನ್ನಿಸಿದರೆ ಎರವಲು ತನ್ನಿ. ಹಳಗನ್ನಡದ ಪಾಲ್ ಹಾಲಾಯಿತು, ಆದರೆ ಸಂಸ್ಕೃತದ ಪುಸ್ತಕ ಇನ್ನೂ ಪುಸ್ತಕವೇ ಅಲ್ವಾ? ಅದು ವ್ಯಂಜನದ ಮಾತು ನಿಜ, ಸ್ವರಕ್ಕೂ ಇದೇ ಉಪಾಯ ನಡೆಯುತ್ತದೆ. ಬದಲಾವಣೆ ಮುಗಿದ ಮೇಲೆ ಬಂದ ಐದಾರು ಪದಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅವುಗಳ ಸ್ವರ ಮುಟ್ಟಬೇಡಿ.